ಬಡಿಸುವ ಕೈಗಳು ಬಹಳ

ಕೊಟ್ಟೂರು ರಸ್ತೆಯ ಮಿರ್ಚಿ ಅಂಗಡಿಯ ನಾಗಲಿಂಗಮ್ಮ ಬಹಳ ಬೇಗ ಹೇಸುವ ಹೆಂಗಸು. ಬೆಂಚಿನ ಮೇಲೆ ಕೂತ ಗಿರಾಕಿ ಮೂಗು ಸೀಟಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರೆ ಸಾಕು, ಆ ಹೊತ್ತಿನ ಊಟ ಆಕೆಗೆ ಸೇರುವುದಿಲ್ಲ. ಯಾರ ಮನೆಗೆ ಹೋದರೂ ನೀರಿನ ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಾಳೆ. ಹಿಂದಿನ ದಿನದ ಎಣ್ಣೆಯನ್ನು ಆಕೆ ಮತ್ತೆ ಬಾಣಲೆಗೆ ಹಾಕಿದ್ದನ್ನು ಹರಪನಹಳ್ಳಿಯಲ್ಲಿ ಯಾರೂ ನೋಡಿಲ್ಲ. ಇಟ್ಟಿಗಿ ಊರಿನಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ತನ್ನ ಎಲೆಅಡಿಕೆ ಉಗುಳುವ ಡಬ್ಬಿಯನ್ನು ತೊಳೆದುಕೊಂಡು ಬಾ ಎಂದಾಗ, ಬಚ್ಚಲಿಗೆ ಹೋದವಳು ಡಬ್ಬಿಯ ಜೊತೆ ತಾನೂ ಮಗುಚಿ ಬಿದ್ದಿದ್ದಳು. ಗಂಡ ವೀರಭದ್ರಯ್ಯ ಇದನ್ನು ಗಿರಾಕಿಗಳಿಗೆ ಇವತ್ತಿಗೂ ಹೇಳಿ ನಗಿಸುತ್ತಾನೆ. “ನಮ್ಮಾಕಿನ್ನ ಸ್ವರ್ಗಕ್ಕ ಕರ್ಕೊಂಡ್ ಹೋದ್ರೂ, ಮೊದ್ಲು ಅಲ್ಲಿ ನೆಲ ಒರಸ್ಯಾರೋ ಇಲ್ಲೋ ನೋಡ್ತಾಳ್ರಿ.”

ಇಂಥ ಹೆಂಗಸು ಕಂಡವರ ಪಾಯಿಖಾನೆ ತೊಳೆಯಲು ನಿಂತಳೆಂದರೆ ಊರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಊರು ನಡೆದುಕೊಂಡ ರೀತಿ ಬೇರೆಯೇ.

ಮಾಘದಲ್ಲಿ ತೇರಿಗೆಂದು ಕೊಟ್ಟೂರಿಗೆ ನಡೆದು ಹೋಗುವವರು ನಮ್ಮ ಊರಿನ ಮೇಲೆ ಹಾಯುತ್ತಾರೆ. ರಾಣೆಬೆನ್ನೂರು, ಹರಿಹರದ ಕಡೆಯಿಂದ ಹೊರಟ ಜನ. ಮುದುಕಿಯರು, ಮಗುವನ್ನು ಬಗಲಿಗೆ ಕಟ್ಟಿಕೊಂಡವರು, ಹರಕೆ ಹೊತ್ತವರು. ರಸ್ತೆ ತುಂಬ ಬರಿಗಾಲು. ಅವರ ಸೇವೆ ಮಾಡಬೇಕೆಂದು ಊರಿಗೆ ಬಲು ಹುರುಪು. ರಸ್ತೆಯ ಎರಡೂ ಬದಿಗೆ ಶಾಮಿಯಾನ ಏಳುತ್ತವೆ. ಒಂದರಲ್ಲಿ ಕೇಸರಿಬಾತು, ಮುಂದಿನದರಲ್ಲಿ ಪಲಾವು, ಅದರ ಮುಂದೆ ಮಜ್ಜಿಗೆ, ಕಲ್ಲಂಗಡಿ ಹಣ್ಣು, ಕಬ್ಬಿನ ಹಾಲು. ಕಾಲಿಗೆ ಎಣ್ಣೆ ತಿಕ್ಕುವವರೂ ಇರುತ್ತಾರೆ. ಇದನ್ನೆಲ್ಲ ನಡೆಸುವುದು ಪಾದಯಾತ್ರಿಗಳ ಸೇವಾ ಬಳಗ. ಅದರ ಕಾರ್ಯದರ್ಶಿ ಅರುಣಕುಮಾರ್, ಬೀಜ ಗೊಬ್ಬರದ ಅಂಗಡಿಯವನು. ಸಂಕ್ರಾಂತಿ ಕಳೆಯುತ್ತಲೂ ಆತನ ಮೆಸೇಜು ಎಲ್ಲರ ಮೊಬೈಲಿಗೆ ಬರುತ್ತದೆ: ‘ಊರಿನವರಿಗೂ ಪರಊರಿನವರಿಗೂ ಸೇವೆ ಮಾಡಲು ಸುವರ್ಣಾವಕಾಶ. ಪ್ರಸಾದ ಸೇವೆ, ಪಾನೀಯ ಸೇವೆ, ಪಾದ ಸೇವೆ, ಯಾವುದು ಇಷ್ಟವೋ ಅದಕ್ಕೆ ಹೆಸರು ಕೊಡಿ. ಟೀ ಶರ್ಟ್ ಮತ್ತು ಪ್ರಮಾಣಪತ್ರ ನೀಡಲಾಗುವುದು.’ ಪ್ರಮಾಣಪತ್ರದ ಆಸೆಗೆ ದಾವಣಗೆರೆಯ ಕಾಲೇಜು ಹುಡುಗ ಹುಡುಗಿಯರು ಬಸ್ಸು ಹತ್ತಿ ಬರುತ್ತಾರೆ. ಸಮಾಜಸೇವೆ ಮಾಡಿದರೆ ಅವರಿಗೆ ಅಂಕ ಸಿಗುತ್ತದೆ.

ನಾಗಲಿಂಗಮ್ಮನ ಪಾಲಿನದು ಮಿರ್ಚಿ ಮಂಡಕ್ಕಿ ಸೇವೆ. ಪ್ರತಿ ವರ್ಷ ಅಂಗಡಿಯ ಮುಂದೆಯೇ ಟೇಬಲ್ ಹಾಕಿ, ಬಂದವರಿಗೆಲ್ಲ ಬಿಸಿಯಾಗಿ ಕರಿದು ಕೊಡುತ್ತಿದ್ದಳು.

ಹೋದ ವರ್ಷದ ಹಿಂದಿನ ವರ್ಷದ ಮಾತು. ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬ ಹೆಂಗಸು ಮಂಡಕ್ಕಿಯ ತಟ್ಟೆ ಹಿಡಿದು ತಿನ್ನದೆ ಸುಮ್ಮನೆ ನಿಂತಿದ್ದಳು. ವಯಸ್ಸಾದವಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

“ನೀರ್ ಕೊಡ್ಲೇನಬೇ?” ಎಂದಳು ನಾಗಲಿಂಗಮ್ಮ.

“ಬ್ಯಾಡ್ರಿ ಅಕ್ಕಾರ. ಮುಂಜಾನಿಂದ ಒಂದ್ ಗುಟುಕು ಕುಡದಿಲ್ರಿ.” ಆ ಹೆಂಗಸು ಹತ್ತಿರ ಬಂದು ದನಿ ತಗ್ಗಿಸಿದಳು. “ದಾರಿ ಉದ್ದಕ ಎಲ್ಲಾರೂ ಕುಡೀರಿ ಕುಡೀರಿ ಅಂತ ಕೈಹಿಡದು ಜಗ್ಗತಾರ. ಕುಡದದ್ದು ಎಲ್ಲಿ ಬಿಡಬೇಕು ಅಂತ ಒಬ್ರೂ ಹೇಳವಲ್ರು. ಆ ಬಂಕಿನ್ಯಾಗ ಕೇಳಿದ್ರ ಬೀಗ ಹಾಕೇವಿ ಅಂದ್ರು. ಇಲ್ಲಿ ಎಲ್ಲ್ಯಾರ ಮರಿ ಜಾಗ ಐತೇನ್ರಿ?”

ನಾಗಲಿಂಗಮ್ಮ ಆಕೆಯನ್ನು ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋದಳು. ಹಿಂದೆ ಮೆಕ್ಕೆಜೋಳ ಮುರಿದು ಸೊಪ್ಪೆಯನ್ನೂ ಕೊಯ್ದು ಬೋಳಾಗಿದ್ದ ಹೊಲ. ಅಲ್ಲಿ ಮರೆ ಎಂದರೆ ರಸ್ತೆಗೆ ಮುಖ ಮಾಡಿ ನಿಲ್ಲಿಸಿದ್ದ ಬಳಗದ ದೊಡ್ಡ ಫ್ಲೆಕ್ಸ್ ಒಂದೇ. ಮುಂಭಾಗದಲ್ಲಿ ಅರುಣಕುಮಾರ್ ಕೈಮುಗಿದು ಸ್ವಾಗತ ಕೋರುತ್ತಿದ್ದ. ಹಿಂಭಾಗದಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ಇವರನ್ನು ಕಂಡು ಕೆಲವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಮೈ ಮುಚ್ಚಿಕೊಳ್ಳುವುದು ಆಗದ್ದರಿಂದ ಮುಖವನ್ನಾದರೂ ಮುಚ್ಚಿಕೊಂಡರು. ಕಾಲಿಡಲು ಜಾಗವಿರಲಿಲ್ಲ. ನಾಗಲಿಂಗಮ್ಮ ಕಾಲಿಟ್ಟಳು, ಇಟ್ಟದ್ದು ಎಲ್ಲಿ ಎಂದು ತಿಳಿದಾಗ ಆಕೆಯ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು.

ಆ ಹೆಂಗಸನ್ನು ಮನೆಗೆ ಕರೆದೊಯ್ದು ತನ್ನ ಪಾಯಿಖಾನೆ ತೋರಿಸಿದಳು. ಒಳಗಿನಿಂದ ಬಂದವಳು ನಾಗಲಿಂಗಮ್ಮನ ಕಾಲಿಗೆ ಬೀಳಲು ಬಗ್ಗಿದಳು.

“ಏ, ಏಳಬೇ! ಇದಕ್ಕೂ ಕಾಲು ಬೀಳ್ತಾರೇನು?” ಎಂದು ನಾಗಲಿಂಗಮ್ಮ ಬೈದಳು. ಬೈದ ಮೇಲೆ ಆಕೆಗೇ ಅಳು ಬಂತು.

ಮರುದಿನ ಬೆಳಿಗ್ಗೆ ಯಾತ್ರಿಗಳು ಮುಂದೆ ಹೋಗಿದ್ದರು. ಶಾಮಿಯಾನ ಬಿಚ್ಚಿದ್ದರು. ರಸ್ತೆಯ ಬದಿಗೆ ಎಂಜಲು ತಟ್ಟೆಗಳ ರಾಶಿ, ಅರ್ಧ ತಿಂದು ಎಸೆದ ಕೇಸರಿಬಾತು, ಹುಳಿತ ಪಲಾವು. ಗಾಳಿಗೆ ತಟ್ಟೆಗಳು ಹೊಲಕ್ಕೆ ಹಾರಿ ಅಲ್ಲಿದ್ದುದರ ಮೇಲೆ ಅಂಟಿಕೊಂಡಿದ್ದವು. ಕೇಸರಿಬಾತು ಯಾವುದು, ಮತ್ತೊಂದು ಯಾವುದು ಎಂದು ದೂರದಿಂದ ತಿಳಿಯುವಂತಿರಲಿಲ್ಲ. ಹಂದಿಗಳಿಗೆ ಆ ಭೇದವೂ ಬೇಕಾಗಿರಲಿಲ್ಲ. ಅದೇ ಸಂಜೆ ಬಳಗದವರು ಕಲ್ಯಾಣಮಂಟಪದಲ್ಲಿ ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡರು. ನಾಗಲಿಂಗಮ್ಮನನ್ನೂ ವೇದಿಕೆಗೆ ಕರೆದರು. ಆಕೆ ಹೋಗಲಿಲ್ಲ. ವಾರವಿಡೀ ಅನ್ನದ ತಟ್ಟೆಯ ಮುಂದೆ ಕೂತು ಎದ್ದು ಹೋಗುತ್ತಿದ್ದಳು.

ಮುಂದಿನ ವರ್ಷದ ಸಭೆಯಲ್ಲಿ ಅರುಣಕುಮಾರ್ ಸೇವೆಗಳನ್ನು ಹಂಚುತ್ತಿದ್ದ. ಪ್ರಸಾದ ಸೇವೆಗೆ ಜಗಳವೇ ಆಯಿತು. ಹೋಳಿಗೆ ನಮಗೆ ಬೇಕು, ಬೂಂದಿ ನಮಗೆ ಬೇಕು ಎಂದು. ನಾಗಲಿಂಗಮ್ಮ ಎದ್ದು ನಿಂತು ಕೇಳಿದಳು.

“ಪಾಯಿಖಾನಿ ಸೇವಾ ಯಾರು ಮಾಡೋರು?”

ಸಭೆ ನಕ್ಕಿತು. ಅರುಣಕುಮಾರನೂ ನಕ್ಕ. “ಅಮ್ನೋರೆ, ದೇವ್ರ ಕಾರ್ಯ ನಡದೈತಿ, ಒಳ್ಳೆ ಮಾತಾಡ್ರಿ. ಅದಕ್ಕ ಪೌರಕಾರ್ಮಿಕರು ಅದಾರ. ಮರುದಿನ ಬಂದು ಸ್ವಚ್ಛ ಮಾಡ್ತಾರ.”

“ಮಾಡಿದ್ದನ್ನ ಸ್ವಚ್ಛ ಮಾಡ್ತಾರ, ಖರೆ. ಮಾಡಾಕ ಜಾಗ ಎಲ್ಲಿ ಐತ್ರಿ?”

“ನಡೀತೈತಿ ಬಿಡ್ರಿ. ಹಿಂದ್ಕಿಂದ ನಡದೈತಿ. ಹೊಲ ಇಲ್ಲೇನು?”

ಆ ಮಾತಿಗೆ ಮತ್ತೊಮ್ಮೆ ನಗು. ನಕ್ಕವರಲ್ಲಿ ಹೆಂಗಸರೂ ಇದ್ದರು. ಅದು ನಾಗಲಿಂಗಮ್ಮನಿಗೆ ಹೆಚ್ಚು ಅಸಹ್ಯವೆನಿಸಿತು.

ಸಭೆಯಿಂದ ಆಕೆ ನೇರವಾಗಿ ಗಿಡ್ಡಮ್ಮನ ಮನೆಗೆ ಹೋದಳು. ಗಿಡ್ಡಮ್ಮ ಪೌರಕಾರ್ಮಿಕೆ, ಕೊಟ್ಟೂರು ರಸ್ತೆ ಗುಡಿಸುವುದು ಆಕೆಯದೇ ಕೆಲಸ. ಇಷ್ಟು ವರ್ಷ ದಿನವೂ ನೋಡಿದರೂ ನಾಗಲಿಂಗಮ್ಮ ಆಕೆಯ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಗಿಡ್ಡಮ್ಮ ಕುರ್ಚಿ ಹಾಕಿ ನೀರು ಕೊಟ್ಟಳು. ನಾಗಲಿಂಗಮ್ಮ ರೂಢಿಯಂತೆ ಎತ್ತಿ ಕುಡಿದಳು. ಎಲ್ಲ ಮನೆಯಲ್ಲೂ ಆಕೆ ಹಾಗೆಯೇ ಕುಡಿಯುವುದು. ಆದರೆ ಗಿಡ್ಡಮ್ಮನಿಗೆ ಅದು ಹೇಗೆ ಗೊತ್ತಾಗಬೇಕು? ಆಕೆ ಚೊಂಬನ್ನು ನೋಡಿದಳು.

“ಗಿಡ್ಡಮ್ಮಾ, ಪಾದಯಾತ್ರಿಯವ್ರಿಗೆ ತಗಡಿನ ಪಾಯಿಖಾನಿ ಮಾಡಸ್ತೀನಿ. ನೀ ನಿಂತು ನೋಡ್ಕೋಬೇಕು. ಪಗಾರ ಕೊಡ್ತೀನಿ, ಪುಣ್ಯಾನೂ ಬರ್ತೈತಿ.”

“ಆಗಲ್ರಿ ಅಮ್ನೋರೆ.”

“ಯಾಕವಾ?”

“ವರ್ಷಪೂರ್ತಿ ಊರಿಂದು ತೊಳದೇ ತೊಳೀತೀನ್ರಿ. ಆವತ್ತು ರಜಾ ಹಾಕೇನಿ. ನಾನೂ ಕೊಟ್ಟೂರಿಗೆ ನಡಕೊಂಡು ಹೊಂಟೀನಿ.” ಗಿಡ್ಡಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ಮಾಡಿದ್ರ ಅದು ಸೇವಾ ಆಗ್ತೈತ್ರಿ. ನಾ ಮಾಡಿದ್ರ ಬರೇ ಕೆಲಸ. ಸೇವಾ ಬೇಕಂದ್ರ ನೀವ ಮಾಡ್ರಿ.”

ನಾಗಲಿಂಗಮ್ಮ ಮನೆಗೆ ಬಂದಳು. ತಾನೇ ನಿಂತು ತೊಳೆಯುತ್ತೇನೆಂದು ಗಂಡನಿಗೆ ಹೇಳಿದಳು. ವೀರಭದ್ರಯ್ಯ ಮನೆಮನೆಗೆ ಹೋಗಿ ಪೂಜೆ ಮಾಡುವ ಅಯ್ಯ. ಅಮಾವಾಸ್ಯೆ ಬಂದರೆ ಅಂಗಡಿಯವರು ಆತನಿಗಾಗಿ ಕಾಯುತ್ತಾರೆ.

“ತಲಿ ಕೆಟ್ಟೈತೇನು ನಿನಗ?” ಎಂದ. “ನೀ ಅದನ್ನ ಮುಟ್ಟಿ ಬಂದ್ರ ನಾ ಯಾರ ಮನ್ಯಾಗ ಪೂಜಿಗೆ ಕೂಡ್ಲಿ?”

“ಪೂಜಿ ಮಾಡೋ ಕೈ ನಿಮ್ದು. ತೊಳಿಯೋ ಕೈ ನಂದು.”

“ಅಷ್ಟು ಕರುಣಾ ಎಲ್ಲಿಂದ ಬಂತು?”

“ಕರುಣಾ ಅಲ್ರಿ, ಹೇಸಿಗಿ. ಈ ಊರ ಹೇಸಿಗಿ ನನ್ನ ಕಣ್ಣಿಂದ ಹೋಗವಲ್ದು. ತಿಂದದ್ದು ದಕ್ಕವಲ್ದು. ತೊಳದ್ರರ ಹೋಗ್ತೈತೇನೋ ನೋಡ್ತೀನಿ.”

ಶಾಮಿಯಾನ ಬಾಡಿಗೆಗೆ ಕೊಡುವ ಹುಲುಗಪ್ಪ ತಗಡು ಮತ್ತು ಕಂಬ ಕೊಟ್ಟ. ಅಂಗಡಿಯ ಹಿಂದೆ ಗುಂಡಿ ತೋಡಿ, ಮೇಲೆ ಚಪ್ಪಡಿ ಹಾಸಿ, ಹೆಂಗಸರಿಗೆ ನಾಲ್ಕು, ಗಂಡಸರಿಗೆ ಎರಡು ಖೋಲಿ ಎಬ್ಬಿಸಿದರು. ‘ಪಾಯಿಖಾನೆ ಸೇವೆಗೆ ಜನ ಬೇಕು’ ಎಂದು ಆಕೆ ಬಳಗದ ಗುಂಪಿಗೆ ಮೆಸೇಜು ಹಾಕಿಸಿದಳು. ಮೂಗು ಮುಚ್ಚಿದ ಮುಖದ ಚಿತ್ರಗಳು ಬಂದವು, ಜನ ಬರಲಿಲ್ಲ.

ಆ ದಿನ ಬಂದವಳು ಒಬ್ಬಳೇ, ಅಮೃತಾ. ದಾವಣಗೆರೆಯಲ್ಲಿ ಬಿ.ಕಾಂ. ಓದುವ ಹುಡುಗಿ. ಅವಳೂ ಇದನ್ನು ಬಯಸಿ ಬಂದವಳಲ್ಲ. ಬಸ್ಸು ತಡವಾಗಿ, ಉಳಿದ ಕಡೆ ಟೀ ಶರ್ಟುಗಳೆಲ್ಲ ಖಾಲಿಯಾಗಿದ್ದವು. “ಅಲ್ಲಿ ಹಿಂದೆ ಜಾಗ ಇದೆ, ಹೋಗು” ಎಂದು ಯಾರೋ ನಗುತ್ತ ಕಳಿಸಿದ್ದರು.

“ಆಂಟಿ, ನಾನು ಏನ್ ಮಾಡ್ಬೇಕು?”

“ನೀರ್ ಹಾಕಬೇಕು, ತಿಕ್ಕಬೇಕು. ಆಗಲಿಲ್ಲಂದ್ರ ಈಗ್ಲೇ ಹೋಗವ್ವ, ಬೇಜಾರಿಲ್ಲ.”

ಹುಡುಗಿ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಬಕೆಟ್ ಎತ್ತಿಕೊಂಡಳು.

ಹೊತ್ತು ಏರಿದಂತೆ ಸಾಲು ಬೆಳೆಯಿತು. ನಾಗಲಿಂಗಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಬ್ಬರು ಹೊರಬರುತ್ತಲೂ ಒಳಹೊಕ್ಕು ನೀರು ಸುರಿದು ಕಸಬರಿಗೆಯಿಂದ ತಿಕ್ಕುತ್ತಿದ್ದಳು. ಫಿನಾಯಿಲ್ ವಾಸನೆ, ಅದರಡಿಯಿಂದ ಏಳುವ ಇನ್ನೊಂದು ವಾಸನೆ, ತಗಡಿನ ಕಾವು. ಮೊದಲ ತಾಸಿನಲ್ಲೇ ಹೊರಬಂದು ವಾಂತಿ ಮಾಡಿದಳು. ಬಾಯಿ ತೊಳೆದು ಮತ್ತೆ ಒಳಗೆ ಹೋದಳು. ಆಮೇಲೆ ಅಮೃತಾ ವಾಂತಿ ಮಾಡಿಕೊಂಡಳು. ಇಬ್ಬರಿಗೂ ಮಾತಾಡಲು ಬೇರೆ ವಿಷಯ ಬೇಕಾಗಲಿಲ್ಲ.

ನಾಗಲಿಂಗಮ್ಮನಿಗೆ ಹೇಸಿಗೆಯಾದದ್ದು ಮಲಮೂತ್ರಕ್ಕಿಂತ ಮನುಷ್ಯರ ಬುದ್ಧಿಗೆ. ದಣಿದು ಬಂದ ಮುದುಕಿಯರು ತಾವೇ ಚೊಂಬು ಹಿಡಿದು ನೀರು ಹಾಕಿ ಬರುತ್ತಿದ್ದರು. ಟೀ ಶರ್ಟಿನ ಹುಡುಗರು ಬಂದು ತಗಡಿನ ಮುಂದೆ ನಿಂತು “ಸೂಪರ್ ಆಂಟಿ” ಎಂದು ಫೋಟೋ ತೆಗೆದುಕೊಂಡು, ಒಳಗೆ ಹೋಗಿ, ನೀರು ಹಾಕದೆ ನಡೆದರು. ಪಲಾವಿನ ಶಾಮಿಯಾನದವರು ಎಂಜಲು ತಟ್ಟೆಗಳನ್ನು ತಂದು, ಮೂಲೆಯ ಚಪ್ಪಡಿ ಸರಿಸಿ, ಗುಂಡಿಗೆ ಸುರಿದರು. ಚೆನ್ನಾಗಿ ಬಟ್ಟೆ ತೊಟ್ಟ ಒಬ್ಬ ಗಂಡಸು ಹೆಂಗಸರ ಸಾಲಿಗೆ ನುಗ್ಗಿ, ಬೇಡವೆಂದರೂ ಕೇಳದೆ ಒಳಹೊಕ್ಕ. ಹೊರಬಂದವನು ಆಕೆಯ ಕಡೆ ನಾಣ್ಯ ಎಸೆದ. ನಾಗಲಿಂಗಮ್ಮ ಕಸಬರಿಗೆಯಿಂದ ಅದನ್ನು ಅವನ ಕಾಲಿನ ಕಡೆಗೇ ನೂಕಿದಳು.

ಸಂಜೆಯ ಹೊತ್ತಿಗೆ ಗಿಡ್ಡಮ್ಮ ಬಂದಳು. ಹೊಸ ಸೀರೆ, ಹಣೆ ತುಂಬ ವಿಭೂತಿ, ಜೊತೆಗೆ ಅವರ ಓಣಿಯ ಹೆಂಗಸರು. ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಒಳಗೆ ಹೋಗಿ ಬಂದಳು. ನಾಗಲಿಂಗಮ್ಮ ಕಸಬರಿಗೆ ಹಿಡಿದು ಒಂದು ಒಳ್ಳೆಯ ಮಾತಿಗಾಗಿ ಕಾದಂತೆ ನಿಂತಿದ್ದಳು.

“ನೀರ್ ಸಾಲವಲ್ದು” ಎಂದಳು ಗಿಡ್ಡಮ್ಮ. “ಇನ್ನೊಂದು ಡ್ರಮ್ ಇಡಸ್ರಿ.” ಅಷ್ಟು ಹೇಳಿ ತನ್ನವರ ಜೊತೆ ಕೊಟ್ಟೂರಿನ ದಾರಿ ಹಿಡಿದಳು.

ನಾಗಲಿಂಗಮ್ಮ ಡ್ರಮ್ ಇಡಿಸಿದಳು.

ಕತ್ತಲಾಗುವ ಮುಂಚೆ ಅರುಣಕುಮಾರ್ ಬಂದ. ಮೂಗಿಗೆ ಕರವಸ್ತ್ರ ಹಿಡಿದು ದೂರದಲ್ಲೇ ನಿಂತ.

“ಅಮ್ನೋರೆ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಮಿರ್ಚಿ ಟೇಬಲ್ ಈ ಸಲ ತಗಸೇವಿ.”

“ಟೇಬಲ್ ಹತ್ರ ನಮ್ಮನಿಯವ್ರು ಅದಾರಲ್ರಿ. ನಾ ಬೆಳಗಿಂದ ಆ ಕಡಿ ಹೋಗಿಲ್ಲ.”

“ಹಂಗಲ್ರಿ. ಭಕ್ತರ ಭಾವನಾ ಇರ್ತಾವು. ಇದನ್ನ ತೊಳಿಯೋ ಮನಿಯವ್ರ ಕೈಯಿಂದ ಪ್ರಸಾದ ಅಂದ್ರ...”

“ಪೂರ್ತಿ ಹೇಳ್ರಿ.”

ಆತ ಕರವಸ್ತ್ರ ಒತ್ತಿ ಹಿಡಿದು ತಿರುಗಿದ. ಹೋಗುವಾಗ ಗಂಡಸರ ಖೋಲಿಗೆ ಹೋಗಿ ಬಂದ. ಆತನೂ ನೀರು ಹಾಕಿರಲಿಲ್ಲ.

ಯಾರೋ ತೆಗೆದ ವಿಡಿಯೋ ಊರು ತುಂಬ ಓಡಾಡಿತು. ಕಸಬರಿಗೆ ಹಿಡಿದ ನಾಗಲಿಂಗಮ್ಮ, ಕೆಳಗೆ ‘ಮಹಾತಾಯಿ’ ಎಂಬ ಬರಹ. ಕೈಮುಗಿದವರು ನೂರಾರು ಮಂದಿ. ಆ ಕೈಮುಗಿದವರಲ್ಲಿ ಒಬ್ಬರೂ ಮಿರ್ಚಿ ತಿನ್ನಲು ಬರಲಿಲ್ಲ. ಸಂಜೆಯಾದರೆ ಬೆಂಚು ಸಾಲದಿದ್ದ ಅಂಗಡಿಯಲ್ಲಿ ಕಲಸಿದ ಹಿಟ್ಟು ಹುಳಿಯತೊಡಗಿತು. ಹಳೆಯ ಗಿರಾಕಿಗಳು ರಸ್ತೆಯ ಆ ಬದಿಗೆ ನಡೆದು, ಎದುರಿನ ಗಾಡಿಯಲ್ಲಿ ತಿಂದರು. ಆ ಗಾಡಿಯ ಎಣ್ಣೆ ಕೀಲೆಣ್ಣೆಯಂತೆ ಕಪ್ಪಗಿರುತ್ತದೆ. ಕರಿಯುವವನು ಬಾಯಿಯಲ್ಲಿ ಗುಟ್ಕಾ ಇಟ್ಟುಕೊಂಡೇ ಕರಿಯುತ್ತಾನೆ. ಅದು ಯಾರಿಗೂ ಹೇಸಿಗೆ ಎನಿಸಲಿಲ್ಲ.

ಅಮಾವಾಸ್ಯೆಗೆ ವೀರಭದ್ರಯ್ಯನನ್ನು ಕೆಲವು ಅಂಗಡಿಯವರು ಕರೆಯಲಿಲ್ಲ. “ಈ ಸಲ ನಾವ ಊದಿನಕಡ್ಡಿ ಹಚ್ಚೇವಿ ಬಿಡ್ರಿ ಅಯ್ಯನೋರೆ” ಎಂದರು. ಆತ ಮನೆಗೆ ಬಂದು ಹೆಂಡತಿಯ ಮೇಲೆ ಕೂಗಾಡಿದ. ಮರುದಿನ ಅದೇ ಅಂಗಡಿಯವನೊಬ್ಬ ರಸ್ತೆಯಲ್ಲಿ ಸಿಕ್ಕು, “ನಿಮ್ಮನಿಯವ್ರು ದೊಡ್ಡ ಕೆಲಸ ಮಾಡ್ಯಾರ್ರಿ, ನಮ್ಮ ಸ್ಟೇಟಸ್ ಮ್ಯಾಲೆ ಹಾಕೇನಿ” ಎಂದು ಹೇಳಿದನಂತೆ. ಅವತ್ತು ವೀರಭದ್ರಯ್ಯ ಮನೆಗೆ ಬಂದು ಕೂಗಾಡಲಿಲ್ಲ. ಹಿಂದಿನ ಜಗಲಿಯ ಮೇಲೆ ಕೂತು, “ಎಂಥಾ ಹೊಲಸು ಮಂದಿ” ಎಂದ. ಮದುವೆಯಾದ ಮೇಲೆ ಆತ ಯಾವುದಕ್ಕಾದರೂ ಹೇಸಿದ್ದನ್ನು ನಾಗಲಿಂಗಮ್ಮ ನೋಡಿದ್ದು ಅದೇ ಮೊದಲು.

ಮಳೆಗಾಲ ಬಂತು. ಮಳೆಯಲ್ಲಿ ಬಿಸಿ ಮಿರ್ಚಿಯ ಆಸೆಯನ್ನು ಯಾರು ತಡೆದಾರು? ಮೊದಲು ಊರು ಅರಿಯದ ಲಾರಿಯವರು, ಆಮೇಲೆ ಕೂಡ್ಲಿಗಿ ಬಸ್ಸಿಗೆ ಕಾಯುವವರು, ಕೊನೆಗೆ ಊರಿನವರೇ ಬಂದರು. ಕೂತು ತಿನ್ನುತ್ತಿರಲಿಲ್ಲ, ಪೇಪರಿನಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು. “ಎಲ್ಲಿಂದ ತಂದೆ ಅಂತ ಮನ್ಯಾಗ ಹೇಳಲ್ರಿ” ಎಂದು ಒಬ್ಬ ಗುಟ್ಟು ಮಾಡಿ ನಕ್ಕ. ನಾಗಲಿಂಗಮ್ಮ ಕಟ್ಟಿ ಕೊಟ್ಟಳು. ಕೊಡಲು ಮನಸ್ಸಿರಲಿಲ್ಲ, ಆದರೆ ಅಂಗಡಿ ನಡೆಯಬೇಕಿತ್ತು. ಅವರು ಬಿಟ್ಟು ಹೋದಾಗ ಆಗಿದ್ದ ಹೇಸಿಗೆಗಿಂತ ಮರಳಿ ಬಂದಾಗ ಆದದ್ದು ಹೆಚ್ಚು.

ಈ ವರ್ಷ ಬಳಗದ ಮೆಸೇಜಿನಲ್ಲಿ ‘ಶೌಚಾಲಯ ಸೇವೆ’ ಎಂಬುದೂ ಸೇರಿತ್ತು. ವಿಡಿಯೋಗೆ ಬಂದ ಹೊಗಳಿಕೆಯನ್ನು ಅರುಣಕುಮಾರ್ ನೋಡಿದ್ದ. ಯಾರೋ ದಾನಿಗಳಿಂದ ಪ್ಲಾಸ್ಟಿಕ್ಕಿನ ಸಿದ್ಧ ಶೌಚಾಲಯ ತರಿಸಿ, ಕಳೆದ ಸಲ ನಾಗಲಿಂಗಮ್ಮ ತಗಡು ನಿಲ್ಲಿಸಿದ್ದ ಜಾಗದಲ್ಲೇ ಸಾಲಾಗಿ ಇಡಿಸಿದ. ಒಂದೊಂದರ ಬಾಗಿಲಿಗೂ ಆತನದೇ ಫೋಟೋ. ನಾಗಲಿಂಗಮ್ಮ, ಅಂತೂ ಆಯಿತಲ್ಲ, ಯಾರದ್ದಾದರೂ ಇರಲಿ ಎಂದುಕೊಂಡಳು. ಅಮೃತಾ ಈ ಸಲ ಯಾವ ಪ್ರಮಾಣಪತ್ರವೂ ಬೇಡವೆಂದು ಇಬ್ಬರು ಗೆಳತಿಯರನ್ನು ಕರೆದುಕೊಂಡು ಮುಂಚೆಯೇ ಬಂದಿದ್ದಳು.

ಯಾತ್ರಿಗಳು ಬಂದರು. ಸಾಲು ನಿಂತಿತು. ಬಾಗಿಲುಗಳಿಗೆ ಬೀಗ. ಅಡ್ಡಲಾಗಿ ಕೆಂಪು ರಿಬ್ಬನ್.

“ಬೀಗ ಯಾಕ್ರಿ?” ಎಂದು ನಾಗಲಿಂಗಮ್ಮ ಅರುಣಕುಮಾರನನ್ನು ಕೇಳಿದಳು.

“ಎಮ್ಮೆಲ್ಲೆ ಸಾಹೇಬ್ರು ಬಂದು ಉದ್ಘಾಟನಾ ಮಾಡಬೇಕ್ರಿ. ದಾರ್ಯಾಗ ಅದಾರ. ಅಲ್ಲೀಮಟ ಹೊಲಸು ಆಗಬಾರ್ದಲ್ಲ.”

“ಪಾಯಿಖಾನಿ ಹೊಲಸು ಆಗಬಾರ್ದು?”

“ಫೋಟೋ ತಗೀತಾರಲ್ರಿ ಅಮ್ನೋರೆ.”

ಸಾಲಿನಲ್ಲಿ ಒಬ್ಬ ಬಸುರಿ ಹೆಂಗಸು ಕಂಬ ಹಿಡಿದು, ಕಾಲಿಗೆ ಕಾಲು ಹೆಣೆದು ನಿಂತಿದ್ದಳು. ಮುಖ ಬೆವತು ಬಿಳಿಚಿತ್ತು. ಆಕೆಯ ಹಿಂದಿದ್ದ ಮುದುಕಿ ಕಾಯಲಾರದೆ ನಿಂತಲ್ಲೇ ಸೀರೆ ಒದ್ದೆ ಮಾಡಿಕೊಂಡಳು. ಟೀ ಶರ್ಟಿನ ಹುಡುಗರು ನೋಡಿ ಪಿಸಕ್ಕನೆ ನಕ್ಕರು. ಮುದುಕಿ ನೆಲಕ್ಕೆ ಕೂತು ತಲೆ ತಗ್ಗಿಸಿದಳು.

ನಾಗಲಿಂಗಮ್ಮ ಶಾಮಿಯಾನದ ಹುಲುಗಪ್ಪನ ಹತ್ತಿರ ಹೋಗಿ ಹಾರೆ ಕೇಳಿದಳು. ಆತ ಆಕೆಯ ಮುಖ ನೋಡಿ, “ನೀವು ಅತ್ತಾಗ ಸರೀರಿ ಅಮ್ನೋರೆ” ಎಂದು ತಾನೇ ಹಾರೆ ಹಿಡಿದು ಬಂದ. ಒಂದು, ಎರಡು, ಮೂರು. ಬೀಗಗಳು ಕಿತ್ತು ಬಿದ್ದವು. ರಿಬ್ಬನ್ ಹಾಗೇ ಇತ್ತು. ಹೆಂಗಸರು ಅದರಡಿಗೆ ಬಗ್ಗಿ ಒಳಗೆ ಹೋದರು. ಅಮೃತಾ ಒದ್ದೆಯಾದ ಮುದುಕಿಯನ್ನು ಎಬ್ಬಿಸಿ ನಾಗಲಿಂಗಮ್ಮನ ಮನೆಗೆ ಕರೆದೊಯ್ದಳು. ಮುದುಕಿಗೆ ಬೇರೆ ಸೀರೆ ಕೊಟ್ಟದ್ದು ವೀರಭದ್ರಯ್ಯ. ಪೆಟ್ಟಿಗೆಯಲ್ಲಿದ್ದ ಒಳ್ಳೆಯದನ್ನೇ ತೆಗೆದುಕೊಟ್ಟಿದ್ದ.

“ಏನ್ ಮಾಡಿದ್ರಿ ಇದು! ಸಾಹೇಬ್ರಿಗೆ ನಾ ಏನು ಹೇಳ್ಲಿ?” ಎಂದು ಅರುಣಕುಮಾರ್ ಕೂಗಿದ.

“ರಿಬ್ಬನ್ ಬಿಟ್ಟೇವಲ್ರಿ. ಕತ್ತರಿಸಿಕೊಳ್ಳಿ ಅನ್ರಿ.”

ಸಾಹೇಬರು ಬಂದಾಗ ಬಿಸಿಲು ನೆತ್ತಿಗೇರಿತ್ತು. ಅಷ್ಟರಲ್ಲಿ ನೂರಾರು ಜನ ಹೋಗಿ ಬಂದಿದ್ದರು, ವಾಸನೆ ರಸ್ತೆಯವರೆಗೆ ಹಬ್ಬಿತ್ತು. ಅವರು ಒಂದು ಕೈಯಿಂದ ಮೂಗು ಮುಚ್ಚಿ, ಇನ್ನೊಂದು ಕೈಯಿಂದ ಕತ್ತರಿ ಹಾಕಿದರು. ಚಪ್ಪಾಳೆಯಾಯಿತು. ಫೋಟೋ ಮುಗಿಯುತ್ತಲೂ ಬಳಗದವರು ಅವರನ್ನು ಹೋಳಿಗೆಯ ಶಾಮಿಯಾನಕ್ಕೆ ಕರೆದುಕೊಂಡು ಹೋದರು. ಶೌಚಾಲಯ ಸೇವೆಗೆಂದು ಹೆಸರು ಕೊಟ್ಟಿದ್ದ ಊರಿನ ಸ್ವಯಂಸೇವಕರೂ ಅವರ ಹಿಂದೆಯೇ ಹೋದರು, ಮರಳಿ ಬರಲಿಲ್ಲ.

ತಾನೂ ಅತ್ತ ಹೋಗುವ ಮುಂಚೆ ಅರುಣಕುಮಾರ್ ಒಂದು ಶಾಲು ಹಿಡಿದು ನಾಗಲಿಂಗಮ್ಮನ ಕಡೆ ಬಂದ. ಕ್ಯಾಮೆರಾದವನೂ ಜೊತೆಗಿದ್ದ.

“ಬರ್ರಿ ಅಮ್ನೋರೆ, ಆದದ್ದು ಆತು.”

ಆಕೆ ಒಂದು ಖೋಲಿಯೊಳಗಿಂದ ಕಸಬರಿಗೆ ಹಿಡಿದು ಹೊರಬಂದಳು. ಮೊಣಕೈವರೆಗೆ ಒದ್ದೆ. “ಹೊದಸ್ರಿ” ಎಂದು ಅವನ ಹತ್ತಿರಕ್ಕೇ ನಡೆದಳು. ಅರುಣಕುಮಾರ್ ಎರಡು ಹೆಜ್ಜೆ ಹಿಂದೆ ಸರಿದ. ಆಕೆ ಇನ್ನೂ ಮುಂದೆ ಬಂದಳು. ಆತ ಶಾಲನ್ನು ಪಕ್ಕದ ತಂತಿಬೇಲಿಯ ಮೇಲೆ ಹಾಕಿ, ಕೈಮುಗಿದು ಹೊರಟುಹೋದ.

ನಾಗಲಿಂಗಮ್ಮ ಬೇಲಿಯ ಕಡೆ ಉಗುಳಿದಳು. ಆಮೇಲೆ ಬಕೆಟ್ ತುಂಬಿಕೊಳ್ಳಲು ಡ್ರಮ್ಮಿನ ಹತ್ತಿರ ಹೋದಳು. ಸಾಲು ಇನ್ನೂ ಬೆಳೆಯುತ್ತಿತ್ತು.